ಬಲೆಗೆ ಕುಚ್ಚು ಕಟ್ಟಿದವರು

ಸೀರೆಗೆ ಕುಚ್ಚು ಕಟ್ಟುವವರಿಗೂ ರಿಟೈರ್ಮೆಂಟ್ ಅಂತ ಒಂದಿದೆಯೆಂದು ನನಗೆ ಗೊತ್ತಾದದ್ದು ಕಳೆದ ದೀಪಾವಳಿಯಲ್ಲಿ. ನಮ್ಮ ಮನೆಯ ಗೋಡೆಗೆ ಅಂಟಿಕೊಂಡ ಮನೆಯಲ್ಲಿ ಬಾಡಿಗೆಗಿದ್ದ ಕುಚ್ಚಿನಕ್ಕ ಬೀದಿಯವರನ್ನೆಲ್ಲ ಕರೆದು, ಎಲೆ ಹಾಕಿ, ಒಬ್ಬಟ್ಟು ಬಡಿಸಿ, "ನಾನು ಇವತ್ತಿಂದ ರಿಟೈರು" ಎಂದು ಸಾರಿಬಿಟ್ಟರು. ಹಾರ ತರುವ ಬುದ್ಧಿ ನಮಗ್ಯಾರಿಗೂ ಇರುವುದಿಲ್ಲವೆಂದು ಅವರಿಗೆ ಮೊದಲೇ ಗೊತ್ತಿತ್ತು. ತಮ್ಮ ಹಾರವನ್ನು ತಾವೇ ತರಿಸಿಕೊಂಡು ನನ್ನ ಕೈಗೆ ಕೊಟ್ಟು, "ಹಾಕೇ, ಫೋಟೋ ತೆಗೆಸ್ಬೇಕು" ಅಂದರು. ಫೋಟೋದಲ್ಲಿ ಅವರ ಮುಖ ಚೆನ್ನಾಗಿ ಬಂದಿದೆ, ಅವರ ಮಡಿಲಲ್ಲಿದ್ದ ಬೆಕ್ಕಿನದು ಇನ್ನೂ ಚೆನ್ನಾಗಿ ಬಂದಿದೆ. ನಾನು ಸೀನುತ್ತಿದ್ದೇನೆ.

"ಬೆರಳು ಮಾತು ಕೇಳ್ತಿಲ್ಲ ಕಣೇ. ಅದು ಕೈ ಕೊಡೋಕ್ ಮುಂಚೆ ನಾನೇ ಬಿಟ್ಬಿಡೋಣ ಅಂತ. ನೋಡು, ನಾನಾಗೇ ಬಿಟ್ಟಿದ್ದು. ಯಾರೂ ಬಿಡಿಸಿದ್ದಲ್ಲ" ಎಂದರು. ಒಬ್ಬಟ್ಟಿಗೆ ತುಪ್ಪ ಹಾಕುತ್ತಾ ಈ ಕೊನೆಯ ಮಾತನ್ನು ಒಂದೊಂದು ಎಲೆಯ ಮುಂದೆಯೂ ಹೇಳಿದರು. ಉಂಡವರು ತಲೆಯಾಡಿಸಿ ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡರು. ಆ ವಾರವೇ ಅವರು ಬೆಕ್ಕುಗಳ ಸಮೇತ ತೂಬಗೆರೆಯ ತಂಗಿಯ ಮನೆಗೆ ಹೊರಟುಹೋದರು. ತಂಗಿಯ ಮನೆಯಲ್ಲಿ ದೊಡ್ಡ ಅಂಗಳವಿದೆ, ಮಾತಿಗೆ ಜನವಿದ್ದಾರೆ. ಅಕ್ಕ ಸುಖವಾಗಿದ್ದಾರೆ. ಆದರೆ "ನಾನಾಗೇ ಬಿಟ್ಟಿದ್ದು" ಎಂಬ ಆ ಮಾತಿನ ತೂಕ ನನಗೆ ಗೊತ್ತಿದ್ದಷ್ಟು ಬೀದಿಯಲ್ಲಿ ಬೇರೆಯವರಿಗೆ ಗೊತ್ತಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ಅವರಿಗೊಂದು ಒಳ್ಳೆಯ ಹೆಸರಿದೆ. ರೇಷನ್ ಕಾರ್ಡಿನಲ್ಲಿ ಬಿಟ್ಟರೆ ಬೇರೆಲ್ಲೂ ಅದು ಬಳಕೆಯಾದದ್ದನ್ನು ನಾನು ಕಂಡಿಲ್ಲ. ಆ ಹೆಸರಿನಿಂದ ಕರೆದರೆ ಅವರೇ ತಿರುಗಿ ನೋಡುತ್ತಿರಲಿಲ್ಲ. ಹಾಗಾಗಿ ಇಲ್ಲಿಯೂ ಅದು ಬೇಡ.

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಹೆಚ್ಚುಕಡಿಮೆ ಮನೆಗೊಂದು ಮಗ್ಗ, ಎಲ್ಲವೂ ಕರೆಂಟಿನವು. ಹೊಸಬರು ಬಂದರೆ ಆ ಟಕಟಕ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾರೆ. ನಮಗೆ ಕರೆಂಟ್ ಹೋಗಿ ಸದ್ದು ನಿಂತಾಗಲೇ ಎಚ್ಚರವಾಗುವುದು. ಮಗ್ಗದಿಂದ ಇಳಿದ ರೇಷ್ಮೆ ಸೀರೆಯ ಸೆರಗಿನ ತುದಿಯಲ್ಲಿ ನೇಯದೆ ಬಿಟ್ಟ ನೂಲು ನೇತಾಡುತ್ತಿರುತ್ತದೆ. ಅದನ್ನು ಎಳೆಎಳೆಯಾಗಿ ಬಿಡಿಸಿ, ಸಮವಾಗಿ ಹಂಚಿ, ಸೇರಿಸಿ ಗಂಟು ಹಾಕಿದರೆ ಕುಚ್ಚು. ಅಕ್ಕ ಸೀರೆಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ಸೆರಗನ್ನು ಕಾಲಿನ ಹೆಬ್ಬೆರಳಿನಲ್ಲಿ ಬಿಗಿಯಾಗಿ ಹಿಡಿದು, ಬಾಗಿಲ ಬೆಳಕಿಗೆ ಕೂತರೆಂದರೆ ಊಟಕ್ಕೂ ಏಳುತ್ತಿರಲಿಲ್ಲ. ಗಂಡ ಚಿಕ್ಕ ವಯಸ್ಸಿಗೇ ಹೋಗಿದ್ದರು, ಮಕ್ಕಳಿರಲಿಲ್ಲ. ಆ ಸಂಗತಿಯನ್ನು ಅವರು ಮಗ್ಗದ ಸದ್ದಿನ ನಡುವೆಯೇ ಒಂದು ಸಲ ಹೇಳಿ, ಮತ್ತೆ ಯಾವತ್ತೂ ಎತ್ತಲಿಲ್ಲ.

ಅವರಿಗೊಂದು ರೋಗವಿತ್ತು. ಎಲ್ಲಿ ದಾರ ನೇತಾಡುತ್ತಿದ್ದರೂ ಕೈ ತಾನಾಗಿ ಅಲ್ಲಿಗೆ ಹೋಗಿ ಕುಚ್ಚು ಕಟ್ಟಿಬಿಡುತ್ತಿತ್ತು. ನಮ್ಮ ಮನೆಯ ಟವೆಲ್ಲುಗಳೆಲ್ಲ ಮದುವೆ ಮನೆಯ ಟವೆಲ್ಲುಗಳಾದದ್ದು ಹೀಗೆ. ಬಸ್ಸಿನಲ್ಲಿ ನೆಲಮಂಗಲಕ್ಕೆ ಹೋಗಿಬರುವಷ್ಟರಲ್ಲಿ ಮುಂದಿನ ಸೀಟಿನ ಹರಿದ ಕವರಿಗೆ ಸಾಲಾಗಿ ಕುಚ್ಚು. ಬಿಪಿ ನೋಡಲು ಡಾಕ್ಟರು ಕೈಗೆ ಸುತ್ತಿದ ಪಟ್ಟಿಯ ಅಂಚಿನ ದಾರವನ್ನೂ ಬಿಟ್ಟವರಲ್ಲ. ಒಂದು ಮದುವೆಯಲ್ಲಿ ಪುರೋಹಿತರ ಬೆನ್ನ ಹಿಂದೆ ಕೂತಿದ್ದವರು ಮಂತ್ರ ಮುಗಿಯುವುದರೊಳಗೆ ಅವರ ಶಲ್ಯದ ಒಂದು ತುದಿಯನ್ನು ಮುಗಿಸಿದ್ದರು. ಪುರೋಹಿತರು ಎದ್ದು, ತಿರುಗಿ ನೋಡಿ, ಇನ್ನೊಂದು ತುದಿಯನ್ನೂ ಅವರ ಕೈಗೆ ಕೊಟ್ಟು ಊಟಕ್ಕೆ ಹೋದರು.

ಇನ್ನು ಬೆಕ್ಕುಗಳು. ನನಗೆ ಬೆಕ್ಕೆಂದರೆ ಆಗದು. ಹತ್ತಿರ ಬಂದರೆ ಸೀನು, ಮುಟ್ಟಿದರೆ ತುರಿಕೆ. ಅವರ ಮನೆಯಲ್ಲಿ ನಾಲ್ಕಿದ್ದವು. ಹೆಸರುಗಳೆಲ್ಲ ಸೀರೆಯ ಬಣ್ಣದವು: ಗಂಧ, ಮೆಂತ್ಯ, ಬೂದಿ, ಕನಕಾಂಬರ. ನೂಲಿಗೆ ಹಾಕಿದ ಗಂಜಿಯ ಆಸೆಗೆ ಇಲಿಗಳು ಮಗ್ಗದ ಮೇಲಿನ ನೂಲನ್ನೇ ಕಡಿದುಹಾಕುತ್ತವೆ, ಆದ್ದರಿಂದ ಬೀದಿಯವರು ಹಗಲು ಅಕ್ಕನ ಬೆಕ್ಕುಗಳನ್ನು ಬೈದು ಓಡಿಸಿ, ಸಂಜೆ ಮೆಲ್ಲಗೆ ಬಾಗಿಲು ಓರೆ ಮಾಡಿಡುತ್ತಿದ್ದರು. ದಾರ ಕಂಡರೆ ಬೆಕ್ಕು ಸುಮ್ಮನಿರುವುದುಂಟೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಮರಿ ಬಂದ ದಿನವೇ ಅಕ್ಕ ಅದಕ್ಕೊಂದು ಸಿಕ್ಕು ನೂಲಿನ ಉಂಡೆ ಕೊಟ್ಟು, "ಇದು ನಿಂದು, ಅದು ನಂದು" ಎಂದು ಎರಡನ್ನೂ ತೋರಿಸುತ್ತಿದ್ದರಂತೆ. ಅವು ಅದನ್ನು ಹೇಗೆ ಅರ್ಥ ಮಾಡಿಕೊಂಡವೋ, ಅಕ್ಕನ ಸೀರೆಗೆ ಉಗುರು ತಾಕಿದ್ದನ್ನು ನಾನು ನೋಡಲಿಲ್ಲ. ನನ್ನ ಸೀರೆಗೆ ಧಾರಾಳವಾಗಿ ತಾಕಿದೆ.

ಹೀಗಿದ್ದವರಿಗೆ ಕೆಲವು ವರ್ಷಗಳ ಹಿಂದೆ ಕೆಲಸ ಬರುವುದು ನಿಂತುಹೋಯಿತು. ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ ರೆಡಿಮೇಡ್ ಕುಚ್ಚು ಬಂತು. ತಂದು ಸೆರಗಿಗೆ ಹೊಲಿದರಾಯಿತು. ಅದು ಬೇಡವೆಂದವರಿಗೆ ಮೊಬೈಲ್ ನೋಡಿ ಕಲಿತ ಹುಡುಗಿಯರು ಮುತ್ತು, ಮಣಿ, ಗೆಜ್ಜೆ ಪೋಣಿಸಿ ಮದುಮಗಳ ಕುಚ್ಚು ಕಟ್ಟಿಕೊಡುತ್ತಿದ್ದರು. ಅಕ್ಕನ ಗಂಟು ಹಾಕಿದ ಸಾದಾ ಕುಚ್ಚು ಯಾರಿಗೂ ಬೇಡವಾಯಿತು. ಅವರು ಬಾಗಿಲಲ್ಲಿ ಕೂತು ತಮ್ಮದೇ ಹಳೆಯ ಸೀರೆಯ ಕುಚ್ಚನ್ನು ಬಿಚ್ಚಿ, ಮತ್ತೆ ಕಟ್ಟಿ, ಮತ್ತೆ ಬಿಚ್ಚುತ್ತಿದ್ದರು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ನಾನು ಊರಾಚೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಹಾಜರಿ ಬರೆಯುವ ಗುಮಾಸ್ತೆ. ಅಲ್ಲಿನ ಸೂಪರ್‌ವೈಸರನ್ನು ಕಾಡಿಬೇಡಿ, ಅಕ್ಕನಿಗೊಂದು ಕೆಲಸ ಗೊತ್ತು ಮಾಡಿದೆ. ಹೊಲಿದು ಬಂದ ಶರ್ಟುಗಳಲ್ಲಿ ನೇತಾಡುವ ದಾರಗಳನ್ನು ಕತ್ತರಿಸಿ ಹಾಕುವ ಕೆಲಸ. ಸಂಭ್ರಮದಿಂದಲೇ ಹೋಗಿ ಹೇಳಿದೆ.

"ದಾರ ಕಟ್ಟೋದಾ?"

"ಕಟ್ಟೋದಲ್ಲ ಅಕ್ಕಾ, ಕತ್ತರಿಸೋದು. ಕೂತ್ಕೊಂಡೇ ಮಾಡ್ಬೋದು. ಗಾಡಿ ಬೀದಿ ತುದೀಗೇ ಬರುತ್ತೆ, ನಾನೂ ಜೊತೇಲಿರ್ತೀನಿ."

ಅವರು ಮಡಿಲಲ್ಲಿದ್ದ ಮೆಂತ್ಯದ ಬೆನ್ನು ಸವರುತ್ತಾ ಕೂತರು. ಆಮೇಲೆ, "ಸರಿ ಕಣೇ. ಕತ್ತರಿ ಅವ್ರೇ ಕೊಡ್ತಾರಾ?" ಅಂದರು. ನಾನು ನಕ್ಕೆ, ಅವರು ನಗಲಿಲ್ಲ. ಮರುದಿನ ಸೂಜಿ, ಮಣಿ, ಜರಿ ಉಂಡೆಗಳಿದ್ದ ಬಿಸ್ಕತ್ತಿನ ಡಬ್ಬಿಯನ್ನು ತಂದು ನಮ್ಮ ಮನೆಯಲ್ಲಿಟ್ಟು, "ಕಣ್ಣೆದುರಿಗಿದ್ರೆ ಕೈ ಸುಮ್ನಿರಲ್ಲ, ನಿಮ್ಮನೇಲೇ ಇರ್ಲಿ" ಎಂದು ಹೋದರು. ನನ್ನ ಗಂಡ ಆ ಡಬ್ಬಿಯನ್ನು ನೋಡಿ, "ಮುಂದಿನ ವಾರ ಕೊಲ್ಲೂರಿಗೆ ಹೋಗ್ತೀವಲ್ಲ, ಅಕ್ಕನ್ನೂ ಕರ್ಕೊಂಡೋಗಣ. ಕೆಲ್ಸಕ್ಕೆ ಸೇರಿದ್ಮೇಲೆ ರಜಾ ಎಲ್ಲಿ ಸಿಗುತ್ತೆ?" ಎಂದರು. ಅಕ್ಕ ಅಲ್ಲಿಯತನಕ ಸಮುದ್ರ ನೋಡಿರಲಿಲ್ಲ.

ನಮ್ಮದೊಂದು ಹರಕೆಯಿತ್ತು, ನನ್ನ ಗಂಡ ಕೊಂಡಿದ್ದ ಹಳೆಯ ಕಾರಿತ್ತು. ಮೂರು ಬೆಕ್ಕುಗಳಿಗೆ ಅನ್ನ ಹಾಕಲು ಎದುರುಮನೆಯವರು ಒಪ್ಪಿದರು. ಕನಕಾಂಬರ ಮಾತ್ರ ಕಾಲಿಗೆ ಗಾಯ ಮಾಡಿಕೊಂಡಿತ್ತು, ಮುಲಾಮು ಹಚ್ಚುವುದು ಅಕ್ಕನ ಕೈಯಲ್ಲಷ್ಟೇ ಸಾಧ್ಯವಿತ್ತು. "ಅದು ಬರ್ದಿದ್ರೆ ನಾನೂ ಬರಲ್ಲ" ಅಂದರು. ಕನಕಾಂಬರ ತರಕಾರಿ ಬುಟ್ಟಿಯಲ್ಲಿ ಕೂತು ಹೊರಟಿತು. ನೆಲಮಂಗಲದಿಂದ ಕುಣಿಗಲ್‌ವರೆಗೆ ಅದು ಕೂಗಿತು. ಅದು ಮಲಗಿದ ಮೇಲೆ ಹಾಸನದವರೆಗೆ ನಾನು ಸೀನಿದೆ. ನನ್ನ ಗಂಡ ಹಾಡಿನ ಸದ್ದು ಜಾಸ್ತಿ ಮಾಡಿಕೊಂಡರು.

ಘಾಟಿ ಇಳಿದು, ಮಂಗಳೂರು ದಾಟಿ, ಉಡುಪಿಯಲ್ಲಿ ಉಳಿದುಕೊಂಡೆವು. ಬೆಳಿಗ್ಗೆ ಹೊರಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ತೆಂಗಿನ ಮರಗಳ ಸಂದಿಯಲ್ಲಿ ಸಮುದ್ರ ಕಂಡಿತು. ಕಾರು ನಿಲ್ಲಿಸಿದೆವು. ಅಕ್ಕ ಬುಟ್ಟಿ ಹಿಡಿದು ನೋಡುತ್ತಾ ನಿಂತರು.

"ಇದೇನೇ ಇದು, ಎಷ್ಟು ನೋಡಿದ್ರೂ ಅಂಚೇ ಇಲ್ವಲ್ಲೇ?"

ಆಮೇಲೆ ಮರಳಿನ ಮೇಲೆ ಬಂದು ಹೋಗುವ ಬಿಳಿ ನೊರೆಯನ್ನು ಕಂಡು, "ಓ, ಇಲ್ಲೈತೆ" ಎಂದು ಸಮಾಧಾನಪಟ್ಟುಕೊಂಡರು. ಹಿಂದಿನ ರಾತ್ರಿ ಲಾಡ್ಜಿನ ನಿಶ್ಶಬ್ದಕ್ಕೆ ನಿದ್ದೆಯಿಲ್ಲದೆ ಹೊರಳಾಡಿದ್ದವರು ಈಗ ಅಲೆಯ ಸದ್ದು ಕೇಳುತ್ತಾ ಹಿಂದಿನ ಸೀಟಿನಲ್ಲಿ ಕೂತವರೇ ಗೊರಕೆ ಹೊಡೆದರು. ಎಬ್ಬಿಸಿದಾಗ, "ಎಲ್ಲಾ ಮಗ್ಗಾನೂ ಒಟ್ಟಿಗೆ ಓಡ್ತಿರೋ ಹಂಗೆ ಕೇಳ್ತಿತ್ತಮ್ಮಾ" ಅಂದರು.

ಕುಂದಾಪುರ ದಾಟಿದ ಮೇಲೆ ನನ್ನ ಗಂಡನಿಗೆ ಮೀನುಗಾರಿಕೆ ಬಂದರು ನೋಡುವ ಆಸೆಯಾಯಿತು. ಹರಕೆ ತೀರುವ ತನಕ ಮೀನು ಮುಟ್ಟುವಂತಿಲ್ಲವೆಂದು ನೆನಪಿಸಿದೆ. "ನೋಡೋಕೇನಾಗುತ್ತೆ?" ಎಂದು ಕಾರು ತಿರುಗಿಸಿದರು. ನಾವು ಮೂವರೂ ಹರಕೆಯವರು, ಬೆಕ್ಕಿಗೆ ಯಾವ ಹರಕೆಯೂ ಇರಲಿಲ್ಲ. ಬಾಗಿಲು ತೆಗೆದದ್ದೇ ತಡ, ಕನಕಾಂಬರ ಬುಟ್ಟಿಯ ಮೇಲಿನ ಬಟ್ಟೆ ಹರಿದುಕೊಂಡು, ಗಾಯದ ಕಾಲನ್ನೂ ಮರೆತು, ಹಾರಿ ಓಡಿತು. ಅಕ್ಕ ಅದರ ಹಿಂದೆ ಓಡಿದರು. ನಾವು ದೋಣಿಗಳ ಕಡೆ ಹುಡುಕುತ್ತಾ ಹೋದೆವು.

ನಾವು ಅವರನ್ನು ಕಂಡದ್ದು ಬಹಳ ಹೊತ್ತಿನ ಮೇಲೆ, ಒಂದು ಶೆಡ್ಡಿನ ನೆರಳಿನಲ್ಲಿ. ಹಸಿರು ಬಲೆಯ ದೊಡ್ಡ ರಾಶಿ. ಅದರ ಒಂದು ಬದಿಯಲ್ಲಿ ಕನಕಾಂಬರ ಯಾರೋ ಎಸೆದ ಮೀನನ್ನು ತಿನ್ನುತ್ತಿತ್ತು. ಅದು ತಿಂದು ಮುಗಿಸಲೆಂದು ಅಕ್ಕ ಇನ್ನೊಂದು ಬದಿಯಲ್ಲಿ ಕಾಯುತ್ತಾ ಕೂತಿದ್ದರು. ಕಾಯುವಾಗ ಅವರ ಕಣ್ಣಿಗೆ ಬಲೆಯಲ್ಲೊಂದು ಅಗಲವಾದ ಹರಕು ಬಿದ್ದಿದೆ. ಅದರ ಸುತ್ತ ದಾರದ ತುದಿಗಳು ನೇತಾಡುತ್ತಿವೆ. ಮುಂದಿನದನ್ನು ಹೇಳಬೇಕಾಗಿಲ್ಲ. ನಾವು ಹೋಗಿ ನೋಡುವಾಗ ಹರಕಿನ ಸುತ್ತಲೂ ಒಪ್ಪವಾಗಿ ಕುಚ್ಚುಗಳು ಸಾಲುಗಟ್ಟಿದ್ದವು, ಕೊನೆಯದು ಅವರ ಕೈಯಲ್ಲಿತ್ತು. ಅದೇ ಹೊತ್ತಿಗೆ ಬಲೆ ರಿಪೇರಿ ಮಾಡುತ್ತಿದ್ದ ಮುದುಕರು ಚಹಾ ಕುಡಿದು ವಾಪಸು ಬಂದರು.

"ಹ್ವಾಯ್! ಎಂತ ಮಾಡುದ್ ನೀವ್ ಇದ್? ಬಲಿಗೆ ಜಡಿ ಹಾಕುದಾ? ಮೀನಿಗ್ ಎಂತ ಮದಿಯಾ?"

ಬಲೆಗೆ ಜಡೆ ಹಾಕುವುದೇ, ಮೀನಿಗೇನು ಮದುವೆಯೇ ಎಂದು ಅವರು ಕೇಳುತ್ತಿದ್ದಾರೆಂಬುದು ನಮಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅಕ್ಕ ನಾಲಗೆ ಕಚ್ಚಿಕೊಂಡರು.

"ಅಯ್ಯೋ ನಮ್ಮಪ್ಪಾ, ದಾರ ನೇತಾಡ್ತಾ ಇತ್ತು, ಕಟ್ಬಿಟ್ಟೆ!"

"ಅದ್ ನಾನ್ ಕಟ್ಟುಕೆ ಬಿಟ್ಟದ್ದ್ ಮಾರಾಯ್ರೆ!"

ತಾವೇ ಹಾಳುಮಾಡಿದ್ದನ್ನು ತಾವೇ ಬಿಚ್ಚಿಕೊಡುತ್ತೇನೆಂದು ಅಕ್ಕ ಕೂತರು. ಅವರ ಗಂಟು ಬಿಚ್ಚುವುದೇನು ಸುಲಭವೇ! ಪಿನ್ನು, ಹಲ್ಲು, ಉಗುರು ಎಲ್ಲ ಹಾಕಿ ಬಿಚ್ಚುತ್ತಿದ್ದರೆ ಮುದುಕರು ಮೊದಲು ಗೊಣಗಿದರು. ಆಮೇಲೆ ಪಕ್ಕಕ್ಕೆ ಬಂದು ಕೂತು, ಬಲೆಯ ಇನ್ನೊಂದು ಅಂಚು ಹಿಡಿದುಕೊಂಡು ನೋಡಿದರು. ಇಬ್ಬರೂ ಕಾಲಿನ ಹೆಬ್ಬೆರಳಿನಲ್ಲೇ ಬಲೆಯನ್ನು ಬಿಗಿಹಿಡಿದಿದ್ದನ್ನು ನೋಡಿ ನನ್ನ ಗಂಡ ನನಗೆ ಕಣ್ಸನ್ನೆ ಮಾಡಿದರು. ಬಿಚ್ಚಿ ಮುಗಿದ ಮೇಲೆ ಮುದುಕರು, ಮಗ್ಗದ ಲಾಳಿಯ ಹಾಗೆ ಚಪ್ಪಟೆಯಾದ ಸೂಜಿಯಲ್ಲಿ ದಾರ ಸುತ್ತಿಕೊಂಡು ಹರಕನ್ನು ಮುಚ್ಚಲು ಶುರು ಮಾಡಿದರು. ಅಕ್ಕ ಕಣ್ಣು ಮಿಟುಕಿಸದೆ ನೋಡಿ, "ನಾನೊಂದು ಹಾಕ್ಲಾ?" ಎಂದರು.

ಅವರು ಹಾಕಿದ ಮೊದಲ ಗಂಟನ್ನು ಮುದುಕರು ಕತ್ತರಿಸಿ ಎಸೆದರು. ಎರಡನೆಯದನ್ನೂ ಎಸೆದರು. "ಬಿಗಿ ಮಾಡ್ಬೇಡಿ. ಕಣ್ಣ್ ಬಿಡಿ, ಕಣ್ಣ್" ಎಂದು ಅಕ್ಕನ ಬೆರಳನ್ನೇ ಎರಡು ಗಂಟುಗಳ ನಡುವೆ ಇಟ್ಟು ಬಲೆಯ ಕಣ್ಣಿಗೆ ಎಷ್ಟು ಸಂದು ಬಿಡಬೇಕೆಂದು ತೋರಿಸಿದರು. ಜೀವಮಾನವೆಲ್ಲ ಎಳೆಗೆ ಎಳೆ ಅಂಟಿಸಿ ಬಿಗಿದವರಿಗೆ ಸಂದು ಬಿಡುವುದು ಕಷ್ಟವಾಯಿತು. ಕೈ ಮತ್ತೆ ಮತ್ತೆ ಬಿಗಿಯುತ್ತಿತ್ತು, ಮುದುಕರು ಮತ್ತೆ ಮತ್ತೆ ಗದರುತ್ತಿದ್ದರು. ಅಕ್ಕ ಸಣ್ಣ ಹುಡುಗಿಯ ಹಾಗೆ ಬೈಸಿಕೊಂಡು ನಗುತ್ತಿದ್ದರು. ಎಷ್ಟೋ ತಿಂಗಳ ಮೇಲೆ ಅವರು ಹಾಗೆ ನಕ್ಕದ್ದು. ನನಗೆ ಎಷ್ಟು ಖುಷಿಯಾಯಿತೆಂದರೆ ಬೆಕ್ಕನ್ನು ನಾನೇ ಎತ್ತಿ ಬುಟ್ಟಿಗೆ ಹಾಕಿದೆ.

ಹೊರಡುವಾಗ ಮುದುಕರು ಒಂದು ತುಂಡು ಬಲೆದಾರ ಕೊಟ್ಟರು. ಅಲ್ಲಿಂದ ಮುಂದೆ ಮರವಂತೆಯ ರಸ್ತೆ. ಎಡಕ್ಕೆ ಸಮುದ್ರ, ಬಲಕ್ಕೆ ಹೊಳೆ, ನಡುವೆ ನಮ್ಮ ಕಾರು. ಜನ ದೂರದೂರದಿಂದ ಬಂದು ನಿಂತು ಫೋಟೋ ತೆಗೆಸಿಕೊಳ್ಳುವ ಜಾಗ. ನನ್ನ ಗಂಡ ತಾವೇ ಆ ಹೊಳೆಯನ್ನು ತಂದು ಹರಿಸಿದವರಂತೆ ಹೆಮ್ಮೆಯಿಂದ ನಿಧಾನ ಮಾಡಿ, "ಅಕ್ಕಾ, ಸಮುದ್ರ! ಈ ಕಡೆ ಹೊಳೆ!" ಎಂದರು. ಅಕ್ಕ ದಾರವನ್ನು ಬಾಗಿಲ ಹಿಡಿಗೆ ಕಟ್ಟಿಕೊಂಡು ಕಣ್ಣು ಬಿಡುವುದನ್ನು ಅಭ್ಯಾಸ ಮಾಡುತ್ತಿದ್ದರು.

"ಹೂಂ ಕಣಪ್ಪಾ, ಬೆಳಿಗ್ಗೆನೇ ನೋಡಿದ್ನಲ್ಲ" ಎಂದರು, ತಲೆ ಎತ್ತದೆ.

ಮೀನಿನ ವಾಸನೆಯ ಕಾರಿನಲ್ಲೇ ಕೊಲ್ಲೂರಿಗೆ ಹೋಗಿ ಹರಕೆ ತೀರಿಸಿ, ಭಾನುವಾರ ಸಂಜೆ ಊರು ಸೇರಿದೆವು. ಇಳಿದವರೇ ಅಕ್ಕ ತಮ್ಮ ಮನೆಯ ಬೀಗ ತೆಗೆಯುವ ಮೊದಲು ನಮ್ಮ ಮನೆಗೆ ಬಂದು ಬಿಸ್ಕತ್ತಿನ ಡಬ್ಬಿ ಕೇಳಿ ತೆಗೆದುಕೊಂಡು ಹೋದರು. ಸುಮ್ಮನೆ ನೋಡುವುದಕ್ಕೆ ಅಂದರು.

ಆಮೇಲಿನದು ಬೀದಿಗೆಲ್ಲ ಗೊತ್ತು. ಸೆರಗಿನ ತುದಿಗೆ ರೇಷ್ಮೆಯ ಸಣ್ಣ ಬಲೆ, ಬಲೆಯ ಕಣ್ಣಿಗೊಂದರಂತೆ ಬೆಳ್ಳಿ ಬಣ್ಣದ ಮಣಿ, ಕೆಳಗೆ ಗಿಡ್ಡ ಕುಚ್ಚು. ಮೊದಲು ನಮ್ಮ ಓಣಿಯ ಒಬ್ಬ ಮದುಮಗಳು ಹಾಕಿಸಿಕೊಂಡಳು, ಅವಳ ಮದುವೆಯಲ್ಲಿ ನೋಡಿದವರು ಕೇಳಿಕೊಂಡು ಬಂದರು. ಕ್ರಮೇಣ ದೇವನಹಳ್ಳಿ, ಹೊಸಕೋಟೆಗಳಿಂದಲೂ ಸೀರೆಗಳು ಬಂದವು. ಮೊಬೈಲ್ ನೋಡಿ ಕಲಿತಿದ್ದ ಹುಡುಗಿಯರೇ ಅವರ ಬಾಗಿಲಲ್ಲಿ ಕೂತು ಕಲಿತರು. "ಬಿಗೀಬೇಡ್ರೇ, ಕಣ್ಣು ಬಿಡ್ರೇ" ಎಂದು ಅಕ್ಕ ಗದರುವುದು ಮಗ್ಗದ ಸದ್ದನ್ನೂ ಮೀರಿ ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು. ಮರುವರ್ಷ ನಾವು ಕರಾವಳಿಗೆ ಹೋದಾಗ ಆ ಮುದುಕರಿಗೆಂದು ಎರಡೂ ತುದಿಗೆ ಕುಚ್ಚು ಕಟ್ಟಿದ ಶಲ್ಯ ಕಳಿಸಿದ್ದರು. ಮೊಮ್ಮಗಳ ಮದುವೆಗೆ ಹೊದೆಯುತ್ತೇನೆಂದು ಅವರು ಅದನ್ನು ಒಳಗೆ ತೆಗೆದಿಟ್ಟರು.

ಬೀದಿಗೆ ಗೊತ್ತಿಲ್ಲದ್ದು ನಾವು ವಾಪಸು ಬಂದ ಮರುದಿನದ ಸೋಮವಾರ ಬೆಳಿಗ್ಗೆ ನಡೆದದ್ದು. ಅದು ಅಕ್ಕ ಗಾರ್ಮೆಂಟ್ಸ್‌ಗೆ ಸೇರಬೇಕಾಗಿದ್ದ ದಿನ. ಆಗ ಇನ್ನೂ ಯಾವ ಮದುಮಗಳೂ ಬಂದಿರಲಿಲ್ಲ, ಮುಂದೆ ಬರುತ್ತಾರೆಂದು ಹೇಳುವವರೂ ಇರಲಿಲ್ಲ. ಕಂಪನಿಯ ಗಾಡಿ ಬೀದಿಯ ತುದಿಗೆ ಬಂದು ಹಾರ್ನ್ ಹೊಡೆದಾಗ ನಾನು ಅವರನ್ನು ಕರೆಯಲು ಹೋದೆ. ಬಾಗಿಲು ತೆಗೆದೇ ಇತ್ತು.

ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು, ತಲೆ ಬಾಚಿ, ಹೂವು ಮುಡಿದು ತಯಾರಾಗಿದ್ದರು. ಪಕ್ಕದಲ್ಲಿ ಊಟದ ಡಬ್ಬಿ. ಹೆಗಲಲ್ಲಿ ಬ್ಯಾಗು ಹಾಗೇ ಇತ್ತು. ಹೊರಡುವ ಮುಂಚೆ ಒಂದು ಸಲ ನೋಡೋಣವೆಂದು ಕೂತಿರಬೇಕು. ಮೊಳೆಗೆ ಸಿಕ್ಕಿಸಿದ ಅವರದೇ ಹಳೆಯ ಸೀರೆಯ ಸೆರಗಿನಲ್ಲಿ ಗೇಣುದ್ದ ಬಲೆ ಇಳಿದಿತ್ತು. ಒಂದು ಕಣ್ಣು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಬಾಗಿಲ ಬೆಳಕು ಅದರೊಳಗಿಂದ ಹಾದು ನೆಲಕ್ಕೆ ಬೀಳುತ್ತಿತ್ತು.

"ಅಕ್ಕಾ, ಗಾಡಿ ಬಂತು."

"ಬಂದೆ ಕಣೇ." ಕೈ ನಿಲ್ಲಲಿಲ್ಲ.

ಮತ್ತೆ ಹಾರ್ನ್ ಕೇಳಿಸಿತು. ಅವರು ತಲೆ ಎತ್ತಿ ನನ್ನ ಮುಖ ನೋಡಿದರು. "ಹೋಗ್ಲೇಬೇಕೇನೇ?" ಎಂದರು.

ನನಗೆ ಕೋಪ ಮೂಗಿನ ತುದಿಗೆ ಬಂತು. ಆ ಸೂಪರ್‌ವೈಸರ್ ಮುಂದೆ ನಾನು ಎಷ್ಟು ಸಲ ನಿಂತಿದ್ದೆ! "ಯಾರು ಹಾಕಿಸ್ಕೋತಾರಕ್ಕಾ ಇದನ್ನ?" ಎಂದೆ.

"ಗೊತ್ತಿಲ್ಲ ಕಣೇ. ಆದ್ರೆ ಬರ್ತಾ ಇದೆ, ನೋಡು."

ನೋಡಿದೆ. ಬಹಳ ಚೆನ್ನಾಗಿತ್ತು. ಅವರ ಹೆಗಲಿನಿಂದ ಬ್ಯಾಗು ತೆಗೆದು ಮೂಲೆಗಿಟ್ಟೆ. ಅವರು ತೋಳು ಸಡಿಲ ಮಾಡಿ ತೆಗೆಸಿಕೊಂಡರು, ಮತ್ತೆ ಸೆರಗಿನ ಕಡೆ ಬಗ್ಗಿದರು. ನಾನು ಬೀದಿಯ ತುದಿಗೆ ಬಂದು ಗಾಡಿ ಹತ್ತಿದೆ. ಡ್ರೈವರ್ ನನ್ನ ಹಿಂದೆ ಯಾರೂ ಇಲ್ಲದ್ದನ್ನು ನೋಡಿ ಕೇಳಿದ, "ಯಾರೋ ಹೊಸಬ್ರು ಇದಾರೆ ಅಂದ್ರಲ್ಲ ಮೇಡಂ, ಬರಲ್ವಾ?"

"ಇಲ್ಲಪ್ಪಾ, ಅವ್ರಿಗೆ ಕೆಲ್ಸ ಇದೆ. ನೀನು ಹೊರಡು" ಅಂದೆ.